ನಿಮಗಿದು ಗೊತ್ತೆ? ಅಕ್ಕಿಯ ಬೂಷ್ಟಿನಲ್ಲಿ ಸಿಕ್ಕ ಹೃದಯದ ಮಾತ್ರೆ

ಸಾಲಗುಂದ ಗ್ರಾಮವಿರುವ ಸಿಂಧನೂರು ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಅಕ್ಕಿಗೆ ಬೂಷ್ಟು ಹಿಡಿದರೆ ಇಲ್ಲಿ ನಷ್ಟವೇ ಸರಿ. ಆದರೆ ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಸುಮಾರು 6,000 ಶಿಲೀಂಧ್ರಗಳನ್ನು ಸೋಸಿ 1973ರಲ್ಲಿ ಕಂಡುಹಿಡಿದ ಮೊದಲ ಸ್ಟ್ಯಾಟಿನ್, ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಗೆ ಹತ್ತಿದ್ದ ಬೂಷ್ಟಿನಿಂದ ಸಿಕ್ಕಿದ್ದು!

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಉರಿಯೂತವನ್ನೂ ತಗ್ಗಿಸುತ್ತದೆ. ಅದಕ್ಕೇ ಕೋವಿಡ್ ಕಾಲದಲ್ಲಿ ಭರವಸೆ ಮೂಡಿತು. ಮೊದಲಿನಿಂದ ಇದನ್ನು ನುಂಗುತ್ತಿದ್ದವರಲ್ಲಿ ಸಾವು ಕಡಿಮೆ ಎಂದು ಹಲವು ಆಸ್ಪತ್ರೆ ದಾಖಲೆಗಳು ತೋರಿಸಿದವು.

ಆದರೆ ನಿಜವಾದ ಪರೀಕ್ಷೆ ಬಿಗಿಯಾಗಿತ್ತು. ಇರಾನಿನ ಐಸಿಯುಗಳಲ್ಲಿದ್ದ ಕೋವಿಡ್ ರೋಗಿಗಳಲ್ಲಿ ಅಟೋರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಸ್ಪಷ್ಟ ಲಾಭ ತೋರಲಿಲ್ಲ. 2023ರಲ್ಲಿ ಪ್ರಕಟವಾದ, ಸಿಮ್ವಾಸ್ಟಾಟಿನ್ ಎಂಬ ಇನ್ನೊಂದು ಸ್ಟ್ಯಾಟಿನ್‌ನ ಪ್ರಯೋಗದಲ್ಲಿ ಲಾಭದ ಸಾಧ್ಯತೆ ಶೇ 95.9 ಇತ್ತು; ಮೊದಲೇ ನಿಗದಿಪಡಿಸಿದ್ದ ಶೇ 99ರ ಗೆರೆ ದಾಟಲಿಲ್ಲ.

ಹೃದಯಕ್ಕೆಂದು ಸ್ಟ್ಯಾಟಿನ್ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಜ್ವರ ಬಂತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.