ಅನಾನಸಿನ ಪರಿಮಳದಿಂದ ಹದಿನಾರು ಪಿನ್ನಿನವರೆಗೆ

“ಸ್ಕ್ಯಾನರ್ ಹಚ್ಚಿ ನೋಡಬೇಕ್ರಿ.” ಇಂಜಿನ್ ಆಕಾರದ ಹಳದಿ ದೀಪ ಹತ್ತಿಸಿಕೊಂಡು ಬಂದ ಕಾರಿಗೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಉತ್ತರ ಇದು. ಸ್ಕ್ಯಾನರ್ ಇಲ್ಲದವರು ಗಾಡಿಯನ್ನು ಬೆಳಗಾವಿಗೆ ಕಳಿಸಬೇಕು, ಇಲ್ಲವೇ ಅಂದಾಜಿನ ಮೇಲೆ ಸೆನ್ಸರ್ ಬದಲಿಸುತ್ತ ಹೋಗಬೇಕು. ಎರಡರಲ್ಲೂ ಖಾಲಿಯಾಗುವುದು ಗಾಡಿಯವರ ಕಿಸೆ. ಆ ದೀಪ ಯಾಕೆ ಹತ್ತಿತು ಎಂದು ಓದುವ ಸಾಧನವನ್ನು ಸಾವಿರ-ಸಾವಿರದೈನೂರು ರೂಪಾಯಿಯೊಳಗೆ ನಾವೇ ಕಟ್ಟಿಕೊಳ್ಳಬಹುದು. ಅದು ಸಾಧ್ಯವಾದದ್ದರ ಹಿಂದೆ ಎಪ್ಪತ್ತು ವರ್ಷಕ್ಕೂ ಮಿಕ್ಕಿದ ಕತೆಯಿದೆ, ಅದು ಶುರುವಾಗುವುದು ಒಂದು ಹಣ್ಣಿನಿಂದ.

ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿತ್ ಕ್ಯಾಲಿಫೋರ್ನಿಯಾದ ಕಾಲ್ಟೆಕ್ ಸಂಸ್ಥೆಯಲ್ಲಿದ್ದರು. ಅನಾನಸಿಗೆ ಆ ಪರಿಮಳ ಎಲ್ಲಿಂದ ಬರುತ್ತದೆ ಎಂಬುದು ಅವರ ಶೋಧ. ಹಣ್ಣಿನ ಆವಿಯನ್ನು ಅತಿ ತಣ್ಣನೆಯ ಕೊಳವೆಯಲ್ಲಿ ಹಿಡಿದು, ದ್ರವವಾದದ್ದನ್ನು ಪರೀಕ್ಷಿಸುತ್ತಿದ್ದರು. ಆಗ ಲಾಸ್ ಏಂಜಲಿಸ್ ನಗರದ ಮೇಲೆ ಕಣ್ಣು ಉರಿಸುವ ಹೊಗೆ ಕವಿಯುತ್ತಿತ್ತು. ಅವರು ಅದೇ ಕೊಳವೆಗೆ ಊರಿನ ಗಾಳಿಯನ್ನು ಹಾಯಿಸಿದರು. ಕೊಳವೆಯಲ್ಲಿ ಉಳಿದದ್ದು ಕಟು ವಾಸನೆಯ ಕಂದು ದ್ರವ. ವಾಹನಗಳಿಂದಲೂ ತೈಲ ಕಾರ್ಖಾನೆಗಳಿಂದಲೂ ಹೊರಬಿದ್ದ ಅನಿಲಗಳು ಬಿಸಿಲಿನಲ್ಲಿ ಕೂಡಿ ಓಝೋನ್ ಆಗುತ್ತವೆ ಎಂದು 1952ರಲ್ಲಿ ಅವರು ಬರೆದರು. ತೈಲ ಕಂಪನಿಗಳು ಒಪ್ಪಲಿಲ್ಲ, ಅವರು ಹಿಂದೆ ಸರಿಯಲಿಲ್ಲ. ಮುಂದೆ ಕ್ಯಾಲಿಫೋರ್ನಿಯಾ ತನ್ನ ವಾಯು ಸಂಪನ್ಮೂಲ ಮಂಡಳಿ ಕಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ.

ಹೊಗೆಗೆ ಮಿತಿ ಬಂದ ಮೇಲೆ ಪೆಟ್ರೋಲನ್ನು ಅಳೆದು ಸುಡಬೇಕಾಯಿತು, ಅದಕ್ಕೆ ಕಾರಿನೊಳಗೆ ಕಂಪ್ಯೂಟರ್ ಬಂತು. 1981ರ ಹೊತ್ತಿಗೆ ಜನರಲ್ ಮೋಟಾರ್ಸ್ ಕಾರುಗಳಲ್ಲಿ ‘ಚೆಕ್ ಇಂಜಿನ್’ ದೀಪ ಸೇರಿತ್ತು. ಸ್ಟೀರಿಂಗ್ ಕೆಳಗಿನ ಪ್ಲಗ್ಗಿನ ಎ ಮತ್ತು ಬಿ ತೂತುಗಳಿಗೆ ಕಾಗದಕ್ಕೆ ಸಿಕ್ಕಿಸುವ ತಂತಿ ಕ್ಲಿಪ್ ತೂರಿಸಿ ಕೀ ತಿರುಗಿಸಿದರೆ ಸಾಕು, ದೀಪ ಮಿಣುಕತೊಡಗುತ್ತಿತ್ತು. ಒಮ್ಮೆ ಮಿಣುಕಿ, ತಡೆದು, ಎರಡು ಸಲ ಮಿಣುಕಿದರೆ ಕೋಡ್ 12. ನನ್ನ ಲೆಕ್ಕದಲ್ಲಿ ಮನೆಯಲ್ಲೇ ಮಾಡಿಕೊಂಡ ಮೊದಲ ಸ್ಕ್ಯಾನರ್ ಆ ಕ್ಲಿಪ್ಪೇ. ಆದರೆ ಕಂಪನಿಗೊಂದು ಪ್ಲಗ್, ಕಂಪನಿಗೊಂದು ಕೋಡ್ ಇತ್ತು. ಅಮೆರಿಕ 1996ರಲ್ಲಿ ಎಲ್ಲ ಕಾರುಗಳಿಗೂ ಒಬಿಡಿ-2 ಎಂಬ ದೋಷ ಹೇಳುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಹದಿನಾರು ಪಿನ್ನಿನ ಒಂದೇ ಪ್ಲಗ್, ಹೊಗೆಗೆ ಸಂಬಂಧಿಸಿದ ದೋಷಗಳಿಗೆ ಒಂದೇ ಕೋಡ್. ಒಂದನೇ ಸಿಲಿಂಡರ್ ಮಿಸ್ ಹೊಡೆದರೆ ಯಾವ ಕಂಪನಿಯ ಕಾರಾದರೂ ಪಿ0301 ಎನ್ನಲೇಬೇಕು. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದು: ತನ್ನ ರೋಗವನ್ನು ಕೇಳಿದವರಿಗೆಲ್ಲ ಹೇಳಬೇಕೆಂದು ಕಾನೂನು ಗಾಡಿಗೆ ಕಟ್ಟಳೆ ಹಾಕಿತು.

ನಮ್ಮಲ್ಲಿ ಭಾರತ್ ಸ್ಟೇಜ್-4 ಕಾರುಗಳಿಗೆ ಒಬಿಡಿ-2 ಬಂದದ್ದು 2013ರ ಏಪ್ರಿಲ್‌ನಲ್ಲಿ. ಸ್ಟೇಜ್-4 ದೇಶಕ್ಕೆಲ್ಲ ಹರಡಿದ್ದು 2017ರಲ್ಲಿ. ಮಹಾನಗರಗಳ ಸಾಲಿನಲ್ಲಿರದ ನಮ್ಮ ಕಡೆಯ ಹಳೆಯ ಗಾಡಿಗಳಲ್ಲಿ ಪ್ಲಗ್ ಇದ್ದರೂ ಕಂಪನಿಯದೇ ಗುಟ್ಟಿನ ಭಾಷೆ ಇರುವುದುಂಟು. ಹಲವು ಹಳೆಯವು 7ನೇ ಪಿನ್ನಿನ ಕೆ-ಲೈನಿನಲ್ಲಿ ಮಾತಾಡುತ್ತವೆ. ಅವನ್ನು ಎಬ್ಬಿಸಲು ಹದಿನಾರರ ಮೂಲದ (ಹೆಕ್ಸ್) ಲೆಕ್ಕದ 33 ಎಂಬ ವಿಳಾಸವನ್ನು ಸೆಕೆಂಡಿಗೆ ಐದೇ ಬಿಟ್‌ನಂತೆ ಕಳಿಸಬೇಕು. ಎರಡು ಸೆಕೆಂಡ್ ತಾಳಿದರೆ 55 ಎಂದು ಓಗೊಡುತ್ತವೆ.

ಹೊಸ ಕಾರುಗಳದು ಕ್ಯಾನ್, ಬಾಷ್ ಕಂಪನಿ 1986ರಲ್ಲಿ ಹೊರತಂದ ಜಾಲ. ಅದನ್ನು ಓದುವ ಸ್ಕ್ಯಾನರ್ ಕಟ್ಟಲು ಬೇಕಾದದ್ದು ಒಂದು ಆರ್ಡುಯಿನೋ ಬೋರ್ಡ್, ಎಂಸಿಪಿ2515 ಚಿಪ್ಪಿನ ಚಿಕ್ಕ ಮಾಡ್ಯೂಲ್, ಒಂದು ಒಬಿಡಿ ಪ್ಲಗ್. 6 ಮತ್ತು 14ನೇ ಪಿನ್ ಕ್ಯಾನ್‌ಗೆ, 5 ಗ್ರೌಂಡಿಗೆ, 16 ಬ್ಯಾಟರಿಯ 12 ವೋಲ್ಟ್‌ಗೆ. ಆ 12 ವೋಲ್ಟನ್ನು 5ಕ್ಕೆ ಇಳಿಸದೆ ಬೋರ್ಡಿಗೆ ಕೊಡಬೇಡಿ. ಬಹಳ ಜನ ಎಡವುವ ಜಾಗ ಬೇರೆಯೇ ಇದೆ. ಕೀ ತೆಗೆದು 6-14ರ ನಡುವೆ ಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸುತ್ತದೆ, ಏಕೆಂದರೆ ಜಾಲದ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಆಗಲೇ ಇರುತ್ತದೆ. ಮಾಡ್ಯೂಲಿನ ಮೇಲಿರುವ ಮೂರನೆಯ 120ರ ಜಂಪರ್ ಕಿತ್ತುಬಿಡಬೇಕು. ಚಿಪ್ಪಿನ ಪಕ್ಕದ ಕ್ರಿಸ್ಟಲ್ 8 ಮೆಗಾಹರ್ಟ್ಸೋ 16ಓ ನೋಡಿ ಪ್ರೋಗ್ರಾಮಿನಲ್ಲಿ ಅದನ್ನೇ ಬರೆಯಬೇಕು, ಇಲ್ಲವಾದರೆ ಗಾಡಿ ಬಾಯಿ ಬಿಡುವುದಿಲ್ಲ.

ಇಂಜಿನ್ ಚಾಲೂ ಇಟ್ಟು 7ಡಿಎಫ್ ವಿಳಾಸಕ್ಕೆ ‘02 01 0ಸಿ’ ಕಳಿಸಿ. 7ಇ8ರಿಂದ ‘04 41 0ಸಿ 0ಸಿ 80’ ಎಂದು ಬಂತೆನ್ನಿ. ಕೊನೆಯ ಎರಡನ್ನು ಜೋಡಿಸಿ ಹೆಕ್ಸ್ ಲೆಕ್ಕದಲ್ಲಿ ಓದಿದರೆ 3200, ನಾಲ್ಕರಿಂದ ಭಾಗಿಸಿದರೆ 800. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ! ‘03’ ಕೇಳಿದರೆ ದೋಷದ ಕೋಡುಗಳು ಬರುತ್ತವೆ. ‘04’ ಕಳಿಸಿದರೆ ಅಳಿಸಿಹೋಗುತ್ತವೆ, ದೋಷ ಮಾತ್ರ ಅಲ್ಲೇ ಇರುತ್ತದೆ. ರಿಪೇರಿಗೆ ಮುಂಚೆ ಅಳಿಸುವುದು ಗಿರಾಕಿಗೆ ಮಾಡುವ ಮೋಸ.

ತಂತಿ ಬೆಸುಗೆ ಬೇಡವೆನ್ನುವವರಿಗೆ ಬ್ಲೂಟೂತ್ ಡಬ್ಬಿಗಳಿವೆ. ಅವುಗಳ ಮೂಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಇಎಲ್ಎಂ327 ಚಿಪ್. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ. ನಕಲುಗಳು ಜಗತ್ತನ್ನು ತುಂಬಿದವು, ಆ ಪುಟ್ಟ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಅಗ್ಗದ ಡಬ್ಬಿ ಕೈಗೆ ಬಂದದ್ದು ಅವರ ದುಡಿಮೆಯಿಂದ ಎಂಬುದನ್ನು ಮರೆಯಬಾರದು.

ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಮುಂದೆ ಹಂಗಾಮಿನಲ್ಲಿ ಸಾಲು ನಿಲ್ಲುವುದು ಕಾರುಗಳಲ್ಲ, ಕಬ್ಬಿನ ಟ್ರ್ಯಾಕ್ಟರ್‌ಗಳು. 50 ಎಚ್‌ಪಿ ಮೇಲ್ಪಟ್ಟವಕ್ಕೆ 2023ರ ಜನವರಿಯಿಂದ ಟ್ರೆಮ್-4 ಎಂಬ ಹೊಗೆ ನಿಯಮ ಬಂದಿದೆ, ಅವುಗಳೊಳಗೂ ಕಂಪ್ಯೂಟರ್ ಕೂತಿದೆ. ಭಾರಿ ವಾಹನಗಳ ಭಾಷೆ ಜೆ1939 ಎಂಬುದು, ಪ್ಲಗ್ ಸಾಮಾನ್ಯವಾಗಿ ಒಂಬತ್ತು ಪಿನ್ನಿನದು. ಒಳಗಿರುವುದು ಅದೇ ಕ್ಯಾನ್ ಆದ್ದರಿಂದ ಇದೇ ಬೋರ್ಡ್, ಇದೇ ಮಾಡ್ಯೂಲ್ ಸಾಕು. ಜಾಲದ ವೇಗ ಬದಲಿಸಿ, ಪ್ರೋಗ್ರಾಂ ಹೊಸದಾಗಿ ಬರೆಯಬೇಕು. ಆ ಕೆಲಸ ಮೂಡಲಗಿಯ ಯಾವುದಾದರೂ ಗ್ಯಾರೇಜಿನಲ್ಲೇ ಆಗಲಿ ಎಂಬುದು ನನ್ನಾಸೆ.