ಮರಳುಗಾಡಿಗೆ ಮರಳಿದ ಮೃಗ

ಚೆಲುವೆಯ ಕಣ್ಣನ್ನು ಹೊಗಳಬೇಕಾದಾಗ ನಮ್ಮ ಕವಿಗಳು ಹರಿಣದ ಕಡೆಗೆ ನೋಡಿದರು. ಹರಿಣಾಕ್ಷಿ, ಮೃಗನಯನೆ, ಎರಳೆಗಣ್ಣಿನವಳು ಎಂಬ ಮಾತುಗಳು ಕಾವ್ಯ ಓದಿದವರಿಗೆಲ್ಲ ಪರಿಚಿತವಾದುವು. ಅರಬ್ಬೀ ಕವಿಗಳೂ ಇದನ್ನೇ ಮಾಡಿದರು. ಆದರೆ ಅವರ ಮನಸ್ಸನ್ನು ಸೆಳೆದ ಮೃಗ ಬೇರೆ. ಅದರ ಹೆಸರು 'ಮಹಾ'. ಸಂಸ್ಕೃತದ 'ಮಹಾ' ಶಬ್ದಕ್ಕೂ ಇದಕ್ಕೂ ನಂಟಿಲ್ಲ. ಅರಬರು ಇಂದಿಗೂ ಹೆಣ್ಣುಮಕ್ಕಳಿಗೆ ಅಕ್ಕರೆಯಿಂದ ಇಡುವ ಹೆಸರು ಅದು. ಪ್ರಾಣಿಶಾಸ್ತ್ರಜ್ಞರು ಈ ಮೃಗವನ್ನು ಅರೇಬಿಯಾದ ಓರಿಕ್ಸ್ ಎಂದು ಕರೆಯುತ್ತಾರೆ.

ಕವಿಗಳು ಇಷ್ಟೊಂದು ಕೊಂಡಾಡಿದ ಈ ಮೃಗವು 1972ರಲ್ಲಿ ತನ್ನ ತವರಿನಿಂದ ಕಣ್ಮರೆಯಾಯಿತು. ಹತ್ತು ವರ್ಷಗಳ ತರುವಾಯ ಅದು ಮತ್ತೆ ಅಲ್ಲಿಗೆ ಬಂದು ನಿಂತದ್ದು ಹಲವು ದೇಶಗಳ ಜನ ಕೂಡಿ ನಡೆಸಿದ ಒಂದು ಸಾಹಸದ ಫಲ.

ಬಿಳಿಯ ಮೈ, ಈಟಿಯಂಥ ಕೊಂಬು

ಓರಿಕ್ಸ್ ಹುಲ್ಲೆಯ ಬಳಗಕ್ಕೆ ಸೇರಿದ ಪ್ರಾಣಿ. ಮೈಯೆಲ್ಲ ಬೆಳ್ಳಗೆ, ಕಾಲುಗಳು ಮಾತ್ರ ಕಂದು, ಮುಖದ ಮೇಲೆ ಕಪ್ಪು ಮಚ್ಚೆ. ಗಂಡು ಹೆಣ್ಣುಗಳೆರಡಕ್ಕೂ ಸುಮಾರು ಎರಡು ಅಡಿ ಉದ್ದದ, ಈಟಿಯಂತೆ ನೀಳವಾದ ಕೊಂಬುಗಳುಂಟು. ಪಕ್ಕದಿಂದ ನೋಡುವವರಿಗೆ ಎರಡು ಕೊಂಬುಗಳೂ ಒಂದಾಗಿ ಕಾಣುವುದುಂಟು. ಪಾಶ್ಚಾತ್ಯರ ಕಥೆಗಳಲ್ಲಿ ಬರುವ ಒಂಟಿಕೊಂಬಿನ ಮೃಗದ ಕಲ್ಪನೆಗೆ ಇದೇ ಮೂಲವಾಗಿರಬಹುದೆಂದು ಊಹಿಸಿದವರೂ ಇದ್ದಾರೆ.

ಮರುಭೂಮಿಯಲ್ಲಿ ಬಾಳಲೆಂದೇ ಪ್ರಕೃತಿ ಈ ಪ್ರಾಣಿಯನ್ನು ರೂಪಿಸಿದಂತಿದೆ. ಇದರ ಬಿಳಿಯ ತೊಗಲು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ. ಮೇಯುವ ಹುಲ್ಲು ಗಿಡಗಳಲ್ಲಿರುವ ಪಸೆ ಮತ್ತು ಅವುಗಳ ಮೇಲೆ ಕೂಡುವ ಇಬ್ಬನಿ ಇವಿಷ್ಟರಿಂದಲೇ ದಾಹವನ್ನು ತಣಿಸಿಕೊಂಡು ಇದು ಬಹುಕಾಲ ನೀರಿನ ಹಂಬಲವಿಲ್ಲದೆ ಇರಬಲ್ಲದು. ದೂರದಲ್ಲಿ ಮಳೆ ಬಿದ್ದುದನ್ನರಿತು, ಹೊಸ ಹುಲ್ಲನ್ನು ಹುಡುಕಿಕೊಂಡು ಹಿಂಡುಹಿಂಡಾಗಿ ಅಲ್ಲಿಗೆ ನಡೆದುಹೋಗುತ್ತದೆ. ಹಿಂದೆ ಸೈನಾಯ್, ಇರಾಕ್‌ಗಳಿಂದ ಹಿಡಿದು ಒಮಾನಿನ ಬಯಲಿನವರೆಗೂ ಇದರ ಬೀಡಿತ್ತು.

ಬಾಯಾರಿಕೆಯನ್ನು ಗೆದ್ದ ಈ ಪ್ರಾಣಿ ಮೋಟಾರು ಬಂಡಿಯನ್ನು ಮಾತ್ರ ಗೆಲ್ಲಲಾರದೆ ಹೋಯಿತು. ಒಂಟೆಯನ್ನೇರಿ ದಿನಗಟ್ಟಲೆ ಹೆಜ್ಜೆಯ ಜಾಡು ಹಿಡಿದು ಅಲೆಯುತ್ತಿದ್ದ ಬೆಡುವಿನ್ ಬೇಟೆಗಾರನಿಗೆ ಒಂದು ಓರಿಕ್ಸ್ ದೊರೆತರೆ ಅದೇ ಭಾಗ್ಯ. ಎರಡನೆಯ ಮಹಾಯುದ್ಧದ ಬಳಿಕ ಕಾಲ ಬದಲಾಯಿತು. ಎಣ್ಣೆಯ ಐಶ್ವರ್ಯದೊಡನೆ ಮರುಭೂಮಿಗೆ ಮೋಟಾರು ಬಂಡಿಗಳೂ ಒಂದೇ ಸಮನೆ ಗುಂಡು ಕಾರುವ ಬಂದೂಕುಗಳೂ ಬಂದುವು. ಅಡಗಲು ಪೊದೆಯೂ ಇಲ್ಲದ ಬಯಲಿನಲ್ಲಿ ಬಿಳಿಯ ಮೃಗ ಎಷ್ಟು ದೂರ ಓಡೀತು? ಕೆಲವೇ ವರ್ಷಗಳಲ್ಲಿ ಉತ್ತರದ ಹಿಂಡುಗಳು ನಾಶವಾದುವು. ದಕ್ಷಿಣದಲ್ಲಿ ಅಲ್ಲೊಂದು ಇಲ್ಲೊಂದು ಉಳಿದುಕೊಂಡುವು.

ಮೂರರಿಂದ ಒಂಬತ್ತು

ಈ ವೇಳೆಗೆ ವನ್ಯಜೀವಿಗಳ ರಕ್ಷಣೆ ಯಾವುದೋ ಒಂದು ದೇಶದ ಕೆಲಸವಲ್ಲವೆಂಬ ಅರಿವು ಮೂಡತೊಡಗಿತ್ತು. 1948ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋ ಪಟ್ಟಣದಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣ ಸಂಘವೂ, 1961ರಲ್ಲಿ ವಿಶ್ವ ವನ್ಯಜೀವಿ ನಿಧಿಯೂ ಸ್ಥಾಪನೆಗೊಂಡಿದ್ದುವು. 1903ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಹುಟ್ಟಿದ್ದ 'ಫಾನಾ ಪ್ರಿಸರ್ವೇಷನ್ ಸೊಸೈಟಿ' ಓರಿಕ್ಸನ್ನು ಉಳಿಸುವ ಹೊಣೆಯನ್ನು ಹೊತ್ತುಕೊಂಡಿತು. ಉಳಿದವುಗಳಲ್ಲಿ ಕೆಲವನ್ನಾದರೂ ಜೀವಂತವಾಗಿ ಹಿಡಿದು, ಸುರಕ್ಷಿತವಾದ ನೆಲೆಯಲ್ಲಿ ಸಾಕಿ ಸಂತತಿಯನ್ನು ಬೆಳೆಸಬೇಕೆಂಬುದು ಅದರ ಯೋಜನೆ.

1962ರ ಬೇಸಗೆಯಲ್ಲಿ, ಕೀನ್ಯಾ ದೇಶದ ಮುಖ್ಯ ವನ್ಯಮೃಗಪಾಲಕರಾಗಿದ್ದ ಮೇಜರ್ ಇಯಾನ್ ಗ್ರಿಮ್‌ವುಡ್ ಅವರ ನೇತೃತ್ವದಲ್ಲಿ ಒಂದು ತಂಡ ಏಡನ್ ಸಂರಕ್ಷಿತ ಪ್ರದೇಶದ ಪೂರ್ವದ ಮರುಭೂಮಿಗೆ ಇಳಿಯಿತು. ಮೇಲೆ ಚಿಕ್ಕ ವಿಮಾನ. ಕೆಳಗೆ ಮೋಟಾರು ಬಂಡಿಗಳು. ಜೊತೆಗೆ ಹೆಜ್ಜೆಯ ಗುರುತನ್ನು ಓದಬಲ್ಲ ಬೆಡುವಿನರು. ವಾರಗಟ್ಟಲೆ ಹುಡುಕಿದ ಮೇಲೆ ಕೈಗೆ ಸಿಕ್ಕಿದುವು ನಾಲ್ಕೇ ಪ್ರಾಣಿಗಳು. ಅವುಗಳಲ್ಲಿ ಒಂದು ಗಂಡು ಉಳಿಯಲಿಲ್ಲ. ಎರಡು ಗಂಡು, ಒಂದು ಹೆಣ್ಣು ಉಳಿದುವು.

ಮೂರು ಪ್ರಾಣಿಗಳಿಂದ ಒಂದು ಕುಲ ಬೆಳೆಯುವುದೆಂತು? ಲಂಡನ್ ಮೃಗಾಲಯ ತನ್ನಲ್ಲಿದ್ದ ಒಂದು ಹೆಣ್ಣನ್ನು ಕೊಟ್ಟಿತು. ಕುವೈತಿನಿಂದ ಮತ್ತೊಂದು ಹೆಣ್ಣು ಬಂದಿತು. ಸೌದಿ ಅರೇಬಿಯಾದ ದೊರೆ ಸೌದ್ ಎರಡು ಜೋಡಿಗಳನ್ನು ಕಾಣಿಕೆಯಾಗಿತ್ತರು. ಒಟ್ಟು ಒಂಬತ್ತು. ಹವೆಯಲ್ಲಿ ಅರೇಬಿಯಾವನ್ನು ಹೋಲುವ ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ಮೃಗಾಲಯದಲ್ಲಿ ಇವು ಒಂದುಗೂಡಿದುವು. ಇದಕ್ಕೆ 'ವಿಶ್ವದ ಹಿಂಡು' ಎಂದು ಹೆಸರಾಯಿತು. 1963ರಲ್ಲಿ ಅಲ್ಲಿ ಮೊದಲನೆಯ ಕರು ಹುಟ್ಟಿತು. ಒಂದೇ ರೋಗಕ್ಕೆ ಇಡೀ ಕುಲ ತುತ್ತಾಗಬಾರದೆಂದು, ಹಿಂಡು ಬೆಳೆದ ಮೇಲೆ ಕೆಲವನ್ನು ಸ್ಯಾನ್ ಡಿಯೇಗೊ ಮೊದಲಾದ ಕಡೆಗಳಿಗೆ ಹಂಚಲಾಯಿತು.

ಈ ಮುನ್ನೆಚ್ಚರಿಕೆ ಎಷ್ಟು ಸಕಾಲಿಕವಾಗಿತ್ತೆಂಬುದು 1972ರ ಅಕ್ಟೋಬರಿನಲ್ಲಿ ತಿಳಿಯಿತು. ಒಮಾನಿನ ಜಿದ್ದತ್ ಅಲ್ ಹರಾಸೀಸ್ ಬಯಲಿನಲ್ಲಿ ಉಳಿದಿದ್ದ ಕಡೆಯ ಕಾಡು ಹಿಂಡೂ ಬೇಟೆಗಾರರ ಪಾಲಾಯಿತು.

ತವರಿಗೆ ಪಯಣ

ಮೃಗಾಲಯದ ಬೇಲಿಯೊಳಗೆ ಹುಟ್ಟಿದ ಪ್ರಾಣಿ ಮರುಭೂಮಿಯಲ್ಲಿ ಬದುಕೀತೇ? ಒಮಾನಿನ ಸುಲ್ತಾನ ಕಾಬೂಸರು ಇದನ್ನು ಪರೀಕ್ಷಿಸಲು ಮುಂದಾದರು. 1980ರಲ್ಲಿ ಅಮೆರಿಕದಿಂದ ಮೊದಲ ಓರಿಕ್ಸ್‌ಗಳು ಯಾಲೂನಿ ಎಂಬಲ್ಲಿಗೆ ಬಂದಿಳಿದುವು. ಆ ಬಯಲಿಗೆ ಅರಬ್ಬೀ ಸಮುದ್ರದಿಂದ ಇರುಳಿನಲ್ಲಿ ಮಂಜು ಬರುತ್ತದೆ; ಗಿಡಗಳಿಗೂ ಮೃಗಗಳಿಗೂ ಅದೇ ಜೀವಾಧಾರ. ವಿಶಾಲವಾದ ಬೇಲಿಯೊಳಗಿದ್ದು ಈ ಬಾಳಿಗೆ ಹೊಂದಿಕೊಂಡ ಮೇಲೆ, 1982ರ ಜನವರಿ 31ರಂದು ಹತ್ತು ಪ್ರಾಣಿಗಳ ಹಿಂಡನ್ನು ಬಯಲಿಗೆ ಬಿಡಲಾಯಿತು. ಅವುಗಳ ಕಾವಲಿಗೆ ನಿಂತವರು ಅಲ್ಲಿಯವರೇ ಆದ ಹರಾಸೀಸ್ ಬುಡಕಟ್ಟಿನ ಪಶುಪಾಲಕರು. ಅಮೆರಿಕದಲ್ಲಿ ಹುಟ್ಟಿದ ಮೃಗಗಳು ಅಜ್ಜಂದಿರ ನೆಲದಲ್ಲಿ ಹುಲ್ಲನ್ನರಸಿ ನಡೆದುವು, ಕರುಗಳನ್ನು ಹೆತ್ತುವು. 1994ರಲ್ಲಿ ಯುನೆಸ್ಕೋ ಸಂಸ್ಥೆ ಅವುಗಳ ಅಭಯಾರಣ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ವರ್ಷಗಳಲ್ಲಿ ಅಲ್ಲಿಯ ಓರಿಕ್ಸ್‌ಗಳ ಸಂಖ್ಯೆ ನಾನೂರನ್ನು ದಾಟಿತು.

ಮತ್ತೆ ಬಂದ ಕೇಡು

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 1996ರಲ್ಲಿ ಕಳ್ಳಬೇಟೆ ಮತ್ತೆ ತಲೆಯೆತ್ತಿತು. ಈ ಸಲದ ಬೇಟೆಗಾರರಿಗೆ ಮಾಂಸ ಬೇಕಾಗಿರಲಿಲ್ಲ; ಸಿರಿವಂತರ ಖಾಸಗಿ ಮೃಗವನಗಳಿಗೆ ಮಾರಲು ಜೀವಂತ ಪ್ರಾಣಿಗಳು, ಅದರಲ್ಲೂ ಹೆಣ್ಣುಗಳು ಬೇಕಾಗಿದ್ದುವು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ 1975ರಿಂದಲೇ ಜಾರಿಯಲ್ಲಿದ್ದರೂ ಕಳ್ಳರ ಕೈ ತಡೆಯಲಾಗಲಿಲ್ಲ. ಹೆಣ್ಣುಗಳು ಹೋದ ಮೇಲೆ ಹಿಂಡು ಬೆಳೆಯುವುದೆಲ್ಲಿಂದ? 2007ರ ಹೊತ್ತಿಗೆ ಉಳಿದುವು 65 ಮಾತ್ರ. ಸಾಲದುದಕ್ಕೆ, ಭೂಗರ್ಭದ ಎಣ್ಣೆ, ಅನಿಲಗಳ ಶೋಧನೆಗಾಗಿ ಅಭಯಾರಣ್ಯದ ನೂರಕ್ಕೆ ತೊಂಬತ್ತು ಪಾಲು ನೆಲವನ್ನು ಒಮಾನ್ ಬಿಟ್ಟುಕೊಟ್ಟಿತು. ಆ ವರ್ಷವೇ ಯುನೆಸ್ಕೋ ಅದರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಹೀಗೆ ಪಟ್ಟಿಯಿಂದ ಹೊರಬಿದ್ದ ಮೊತ್ತಮೊದಲ ತಾಣ ಅದೇ.

ಆದರೂ ಓರಿಕ್ಸ್ ಎರಡನೆಯ ಸಲ ಅಳಿಯಲಿಲ್ಲ. 'ವಿಶ್ವದ ಹಿಂಡಿ'ನ ಸಂತತಿ ಅಷ್ಟರಲ್ಲಿ ಜೋರ್ಡಾನ್, ಇಸ್ರೇಲ್, ಸೌದಿ ಅರೇಬಿಯಾಗಳಲ್ಲಿಯೂ ನೆಲೆಯೂರಿತ್ತು. 2011ರಲ್ಲಿ ಕಾಡಿನಲ್ಲಿರುವ ಓರಿಕ್ಸ್‌ಗಳ ಸಂಖ್ಯೆ ಸಾವಿರವನ್ನು ಮುಟ್ಟಿದಾಗ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣ ಸಂಘವು ತನ್ನ ಕೆಂಪು ಪಟ್ಟಿಯಲ್ಲಿ ಅದನ್ನು ಹೆಚ್ಚು ಸುರಕ್ಷಿತವಾದ ವರ್ಗಕ್ಕೆ ಏರಿಸಿತು. ಕಾಡಿನಿಂದ ಪೂರ್ಣವಾಗಿ ಅಳಿದಿದ್ದ ಪ್ರಾಣಿಯೊಂದು ಮೂರು ಮೆಟ್ಟಿಲು ಮೇಲೇರಿದ್ದು ಅದೇ ಮೊದಲು.

ಓರಿಕ್ಸನ್ನು ಕೊಂದ ಬೇಟೆಗಾರನೂ, ಬೇಲಿಯೊಳಗೆ ಕೂಡಿಹಾಕಲು ಹಣ ಸುರಿದ ಸಿರಿವಂತನೂ ಅದರ ಚೆಲುವಿಗೆ ಮರುಳಾದವರೇ. ಅದೇ ಚೆಲುವಿಗೆ ಮನಸೋತ ಕವಿ ಅದರ ಕಣ್ಣನ್ನು ಮಾತಿನಲ್ಲಿ ಹಿಡಿದಿಟ್ಟು, ಮೃಗವನ್ನು ಅದರ ಬಯಲಿಗೇ ಬಿಟ್ಟುಬಿಟ್ಟ. ಹರಾಸೀಸ್ ಕಾವಲುಗಾರ ಆ ಬಯಲಿನಲ್ಲಿ ಅದರ ಹೆಜ್ಜೆಯ ಜಾಡನ್ನು ಹಿಡಿದು ನಡೆದ, ಅದು ಕ್ಷೇಮವಾಗಿದೆಯೇ ಎಂದು ನೋಡಿಬರಲು. ಲೋಕದಲ್ಲಿ ಇಂಥ ಕಾವಲುಗಾರರು ಎಷ್ಟು ಮಂದಿ ಇರುವರೋ, ಕಾಡು ಮೃಗಗಳ ನಾಳೆಯೂ ಅಷ್ಟೇ ಭದ್ರ.