ಮಕ್ಕಳ ನೆಗಡಿ: ಎಷ್ಟು ಸಹಜ, ಎಲ್ಲಿ ಎಚ್ಚರ?

“ನಮ್ಮ ಮಗುವಿಗೆ ತಿಂಗಳಿಗೊಂದು ನೆಗಡಿ ತಪ್ಪಿದ್ದಲ್ಲ, ಮೈಯಲ್ಲಿ ಶಕ್ತಿಯೇ ಇಲ್ಲವೇನೋ!” ಎಂದು ಕೊರಗುವ ತಾಯಂದಿರು ಅನೇಕ. ನಿಮ್ಮ ಮನೆಯಲ್ಲಿಯೂ ಈ ಮಾತು ಕೇಳಿಬಂದಿರಬಹುದು. ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ. ಚೆನ್ನಾಗಿ ಬೆಳೆಯುತ್ತಿರುವ ಎಳೆಯ ಮಗುವಿಗೂ ವರ್ಷಕ್ಕೆ 6ರಿಂದ 8 ಸಲ ನೆಗಡಿಯಾಗುವುದು ಸಹಜ. ಶಿಶುವಿಹಾರಕ್ಕೆ ಹೋಗುವ ಮಗುವಿಗೆ ಇದಕ್ಕಿಂತ ಹೆಚ್ಚೂ ಆಗಬಹುದು. ಒಂದೊಂದು ನೆಗಡಿಯೂ ವಾರದಿಂದ ಹತ್ತು ದಿನ ಇರುತ್ತದೆ. ಕೆಮ್ಮು ಇನ್ನೂ ಒಂದು ವಾರ ಉಳಿದೀತು. ಎಲ್ಲವನ್ನೂ ಕೂಡಿಸಿದರೆ ವರ್ಷದಲ್ಲಿ ಎರಡು ತಿಂಗಳಾದರೂ ಆಯಿತು!

ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬಾರದು. ನೆಗಡಿಯೇಕೆ ಮರಳಿ ಮರಳಿ ಬರುತ್ತದೆ? ದಡಾರಕ್ಕೆ ಕಾರಣ ಒಂದೇ ವೈರಸ್. ನೆಗಡಿಗಾದರೋ ಅನೇಕ. ಅವುಗಳಲ್ಲಿ ರೈನೋವೈರಸ್ ಎಂಬುದೊಂದರಲ್ಲಿಯೇ 160ಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಎದುರಿಸಲು ಕಲಿತ ದೇಹಕ್ಕೆ ಮತ್ತೊಂದು ಹೊಸದೇ. ದೊಡ್ಡವರು ಇವುಗಳಲ್ಲಿ ಹಲವನ್ನು ಆಗಲೇ ಕಂಡಿರುವುದರಿಂದ ಅವರಿಗೆ ನೆಗಡಿ ಕಡಮೆ. ಪಾಪ, ಬಾಳೆಹಣ್ಣನ್ನೋ ಮೊಸರನ್ನೋ ದೂರಿ ಫಲವಿಲ್ಲ.

ಆರ್‌ಎಸ್‌ವಿ ಎಂಬ ಇನ್ನೊಂದು ವೈರಸ್ಸನ್ನು 1956ರಲ್ಲಿ ಚಿಂಪಾಂಜಿಗಳಲ್ಲಿ ಕಂಡುಹಿಡಿದರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಮೆ ಎಲ್ಲ ಮಕ್ಕಳಿಗೂ ಇದು ತಗಲಿರುತ್ತದೆ. ಬಹುಮಂದಿಯಲ್ಲಿ ಬರಿಯ ನೆಗಡಿಯಾಗಿ ಕಳೆಯುತ್ತದೆ. ಆದರೆ ಕೆಲವು ತಿಂಗಳ ಕೂಸುಗಳಲ್ಲಿ ಶ್ವಾಸಕೋಶದ ಸಣ್ಣ ನಾಳಗಳು ಊದಿಕೊಂಡು ಉಸಿರಾಟಕ್ಕೇ ಕಷ್ಟವಾಗಬಹುದು.

ಹಾಗಾದರೆ ಏನು ಮಾಡಬೇಕು? ಪೆನಿಸಿಲಿನ್ ಮೊದಲಾದ ಔಷಧಗಳು ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲವೇ ಹೊರತು ವೈರಸ್ಸುಗಳನ್ನಲ್ಲ. ಹಿಂದಿನ ಸಲ ಉಳಿದ ಔಷಧವನ್ನು ಈ ಸಲ ಕುಡಿಸಬೇಡಿ. ಎದೆಹಾಲು ನಿಲ್ಲಿಸಬೇಡಿ, ದೊಡ್ಡ ಮಗುವಿಗೆ ಬಿಸಿ ಗಂಜಿ, ಸಾರು ಕೊಡಿ. ಮೂಗಿಗೆ ಎಣ್ಣೆ ಬಿಡುವುದು ಅಪಾಯ. ಅದು ಶ್ವಾಸಕೋಶಕ್ಕೆ ಇಳಿದೀತು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ. ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಸುಳಿಯದಿರಲಿ. ಕೂಸನ್ನು ಎತ್ತಿಕೊಳ್ಳುವ ಮುನ್ನ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ.

ಎಲ್ಲಕ್ಕಿಂತ ಮುಖ್ಯವಾದುದು ಉಸಿರಿನ ಎಣಿಕೆ. ಮಗು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲಕ್ಕೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40: ಎಣಿಕೆ ಇಷ್ಟನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ಬರಿಯ ನೆಗಡಿಯಲ್ಲ, ನ್ಯುಮೋನಿಯಾ ಇದ್ದೀತು, ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲನ್ನೇ ಕುಡಿಯದಿದ್ದರೆ, ತುಟಿ ನೀಲಿಗಟ್ಟಿದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಬೆಳಗಾಗಲೆಂದು ಕಾಯಬೇಡಿ; ಆಸ್ಪತ್ರೆಗೆ ಕರೆದೊಯ್ಯಿರಿ.

ವರ್ಷಕ್ಕೆ ಎಷ್ಟು ನೆಗಡಿ ಎಂಬುದಕ್ಕೆ ಹೆದರಬೇಕಾಗಿಲ್ಲ. ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಎಣಿಸಲು ಮನೆಯವರೆಲ್ಲರೂ ಕಲಿತಿರಲಿ.